ಗೋಣಿತಟ್ಟು ತೆಗೆದ ಮೇಲೆ

ಬಾಗಲಕೋಟೆ ಜಿಲ್ಲೆಯ ಒಂದು ಪುರಸಭೆಯ ಹಳೇ ನಾಟಕ ಗೃಹ. ರಿಪೇರಿ ಎಸ್ಟಿಮೇಟ್ ನನ್ನದೇ. ಉದ್ಘಾಟನೆಯ ಸಂಜೆ ಮಳೆ ಜಡಿದು, 300 ಸೀಟಿನ ಹಾಲ್‌ನಲ್ಲಿ ಕೂತವರು 60 ಮಂದಿ. ಪರದೆ ಎದ್ದು ಎರಡು ನಿಮಿಷ ಆಗಿಲ್ಲ, ಹಿಂದಿನ ಸಾಲಿನಿಂದ ಕೂಗು: "ಏನೂ ತಿಳಿವಲ್ದೋ!" ನಾನು ಮೈಕಿನವನಿಗೆ ಕೈ ಮಾಡಿ ವಾಲ್ಯೂಮ್ ಏರಿಸು ಅಂದೆ. ಅವನು ನನ್ನ ಮುಖ ನೋಡಿದ, ಆದರೂ ಏರಿಸಿದ. ಗದ್ದಲ ದುಪ್ಪಟ್ಟಾಯಿತು. ಇನ್ನೂ ಏರಿಸು ಅಂದೆ. ರಾಜನ ಒಂದು ಮಾತು ಮುಗಿಯುವ ಮುಂಚೆ ಹಿಂದಿನ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಪೇಟಿ ಮಾಸ್ತರ ಕೈ ಎತ್ತಿ ಕೂತುಬಿಟ್ಟರು.

ತೊಂದರೆ ಸದ್ದು ಕಡಿಮೆ ಇದ್ದದ್ದಲ್ಲ, ಸದ್ದು ಸಾಯದೇ ಇದ್ದದ್ದು. ವಾಲ್ಯೂಮ್ ಏರಿಸಿದರೆ ಮಾತಿನ ಜತೆ ಅದರ ಮಾರ್ದನಿಯೂ ಅಷ್ಟೇ ಏರುತ್ತದೆ.

ಕಟ್ಟಡ 1956ಕ್ಕಿಂತ ಮುಂಚಿನದು, ಈ ಭಾಗ ಮುಂಬೈಗೆ ಸೇರಿದ್ದ ಕಾಲದ್ದು. ಎರಡಡಿ ದಪ್ಪದ ಕಲ್ಲಿನ ಗೋಡೆ, ತೇಗದ ಟ್ರಸ್ಸು, ಮಂಗಳೂರು ಹೆಂಚು, ಕೆಳಗೆ ಶಹಾಬಾದ್ ಕಲ್ಲು. ಹೆಂಚಿನ ಕೆಳಗೆ ಎಳೆದು ಮೊಳೆ ಹೊಡೆದ ಗೋಣಿತಟ್ಟಿನ ಛತ್ತು. ಅದರ ತುಂಬ ಬಾವಲಿ ಹಿಕ್ಕೆ, ಧೂಳು. ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಟರ ಮಾತು ಕೊನೇ ಸಾಲಿಗೆ ಬಿಡಿಬಿಡಿಯಾಗಿ ತಲುಪಿದ್ದರಲ್ಲಿ ಅವರ ಗಂಟಲಿನ ಜತೆ ಸದ್ದು ಹೀರುವ ಈ ಹೊಲಸು ಬಟ್ಟೆಯ ಪಾಲೂ ಇತ್ತು. ಬೆಂಕಿಗೆ ಆಹಾರವಾಗುವ ಮಾಲು, ತೆಗೆದದ್ದು ತಪ್ಪಲ್ಲ. ಬದಲಿಗೆ ಸಪಾಟು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಛತ್ತು ಹಾಕಿದ್ದು ತಪ್ಪು. ಹಿಂದಿನ ಗೋಡೆಯ ಕಟ್ಟಿಗೆ ಜಾಲರಿ ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದು ಇನ್ನೂ ದೊಡ್ಡ ತಪ್ಪು. "ತೊಳೀಲಿಕ್ಕೆ ಹಗೂರ" ಎಂದು ಮೇಲಿನವರು ಅಂದರು, ನಾನು ಹೂಂ ಅಂದೆ.

ಲೆಕ್ಕ ಆಮೇಲೆ ಮಾಡಿದೆ. ಹಾಲ್ 12 × 18 ಮೀಟರ್, ಎತ್ತರ 6, ಅಂದರೆ 1,296 ಘನ ಮೀಟರ್. ಸದ್ದು ಸಾಯಲು ಎಷ್ಟು ಸೆಕೆಂಡ್ ಬೇಕು ಎಂದು ಹೇಳುವ ಸಬೀನ್ ಸೂತ್ರ: 0.161ನ್ನು ಗಾತ್ರದಿಂದ ಗುಣಿಸಿ ಒಟ್ಟು ಹೀರಿಕೆಯಿಂದ ಭಾಗಿಸಬೇಕು. ಒಬ್ಬ ಪ್ರೇಕ್ಷಕ ಸುಮಾರು 0.4 ಚದರ ಮೀಟರ್‌ನಷ್ಟು ಹೀರುತ್ತಾನೆ, ಖಾಲಿ ಕಟ್ಟಿಗೆ ಕುರ್ಚಿ 0.05. ಮೇಲೆ ಗಾಳಿ ಸಂದು ಇರುವ ಗೋಣಿತಟ್ಟಿಗೆ ಚದರ ಮೀಟರಿಗೆ 0.4 ಹಿಡಿದರೆ 216 ಚದರ ಮೀಟರ್ ಛತ್ತಿಗೆ 86. ಪಿಒಪಿ 0.05ರಂತೆ ಬರೇ 11. ಗೋಡೆ, ನೆಲ ಸೇರಿ 15. 60 ಮಂದಿ ಇದ್ದಾಗ ಮಾರ್ದನಿ ಹಳೇ ಛತ್ತಿನ ಕೆಳಗೆ 1.5 ಸೆಕೆಂಡ್, ಹೊಸದರ ಕೆಳಗೆ 3.4. ಮಾತಿಗೆ ಬೇಕಾದದ್ದು 1ರ ಆಸುಪಾಸು. ಹಾಲ್ ತುಂಬಿದ್ದರೆ 1.4ಕ್ಕೆ ಇಳಿದು, ನನ್ನ ತಪ್ಪು ಅರ್ಧ ಮುಚ್ಚಿಹೋಗುತ್ತಿತ್ತು. ಮಳೆ ಬಂದದ್ದೇ ಛಲೋ ಆಯಿತೇನೋ.

ಹಿಂದಿನ ಗೋಡೆಯ ತಾಪತ್ರಯ ಬೇರೆ. ನಟನಿಂದ ಗೋಡೆಗೆ 20 ಮೀಟರ್, ಹೋಗಿ ಬರುವುದು 40. ಅದಕ್ಕೆ 0.12 ಸೆಕೆಂಡ್. ಮುಂದಿನ ಸಾಲಿನವರಿಗೂ ಪೇಟಿಯವರಿಗೂ ಅದು ಎರಡನೇ ಮಾತಾಗಿಯೇ ಕೇಳುತ್ತದೆ.

ರಂಗದ ಮೇಲೂ ಒಂದು ಎಡವಟ್ಟು. ಪಿಒಪಿಯನ್ನು ಅಲ್ಲಿಗೂ ಎಳೆದು, ಅಲ್ಲಿ 4.2 ಮೀಟರ್‌ಗೆ ಇಳಿಸಿದೆವು. ರಂಗದ ಮುಖದ ಕಮಾನಿನ ಎತ್ತರ 4 ಮೀಟರ್. ಬಿದಿರಿಗೆ ಸುತ್ತಿ ಮೇಲೆತ್ತುವ ಸುರುಳಿ ಪರದೆಯೇ 30 ಸೆಂಟಿಮೀಟರ್ ದಪ್ಪ. ಕಮಾನಿಗೆ ತೂಗುವ ಬಟ್ಟೆಯ ಝಾಲರಿನ ಹಿಂದೆ ಅಡಗಬೇಕಾದ ಸುರುಳಿ ಕೆಳಗೆ ಇಣುಕಿ, ಅರಮನೆ ಸೀನಿನ ತುಂಬ ಕಾಡಿನ ಪರದೆಯ ಕೆಳ ಅಂಚು ಕಾಣುತ್ತಿತ್ತು. ಕಮಾನಿನ ಮೇಲೆ ಕನಿಷ್ಠ 1 ಮೀಟರ್ ಬಿಡಬೇಕಿತ್ತು. ಪರದೆ ಎಳೆಯುವ ಹುಡುಗನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈಗಿನ ಪ್ರಸ್ತಾವ: ಹಿಂದಿನ ಗೋಡೆಯ 48 ಚದರ ಮೀಟರ್‌ಗೆ 50 ಮಿ.ಮೀ. ಬ್ಯಾಟನ್ ಪಟ್ಟಿ, ನಡುವೆ ಕಲ್ಲಿನ ನಾರಿನ ರಾಕ್‌ವುಲ್, ಮೇಲೆ 25 ಮಿ.ಮೀ. ಕಟ್ಟಿಗೆ ಎಳೆಯ ವುಡ್‌ವುಲ್ ಬೋರ್ಡ್. ಛತ್ತಿನ ಅರ್ಧ ಭಾಗಕ್ಕೆ ತೂತಿನ ಪ್ಯಾನೆಲ್. 60 ಮಂದಿಗೂ 1.4ರ ಹತ್ತಿರ ಬರುತ್ತದೆ, ಹಾಲ್ ತುಂಬಿದರೆ 0.9. ಬೋರ್ಡಿಗೆ ಪೇಂಟ್ ಹೊಡೆಯಕೂಡದು, ರಂಧ್ರ ಮುಚ್ಚುತ್ತವೆ. ಇದನ್ನು ಎಸ್ಟಿಮೇಟ್‌ನಲ್ಲೇ ಬರೆಯಬೇಕು, ಇಲ್ಲದಿದ್ದರೆ ಗುತ್ತಿಗೆದಾರ ಹೊಡೆದೇ ಹೊಡೆಯುತ್ತಾನೆ.

ನಾನು ನೋಡಿದ ಎಸ್‌ಆರ್‌ನಲ್ಲಿ (ಸರ್ಕಾರಿ ದರಪಟ್ಟಿ) ಈ ಐಟಂ ಸಿಗಲಿಲ್ಲ. ರೇಟ್ ಅನಾಲಿಸಿಸ್ ಕೊಟ್ಟು, ಮೂರು ಕೊಟೇಶನ್ ಲಗತ್ತಿಸಿದ ಎಕ್ಸ್‌ಟ್ರಾ ಐಟಂ ಫೈಲ್ ಎರಡು ಸಲ ವಾಪಸ್ ಬಂದಿದೆ. ಅದು ಮಂಜೂರಾಗುವ ತನಕ ನಾಟಕ ಕಂಪನಿಯವರು ಬಿಟ್ಟುಹೋದ ಹಳೇ ಮಖಮಲ್ ಪರದೆಯನ್ನು ಟೈಲ್ಸ್‌ನಿಂದ 15 ಸೆಂಟಿಮೀಟರ್ ಮುಂದೆ, ದಟ್ಟ ನೆರಿಗೆ ಹಿಡಿದು ತೂಗಿಬಿಟ್ಟಿದ್ದೇವೆ.