ಗ್ಯಾರೇಜಿನಲ್ಲಿ ಬೆಳೆಯುತ್ತಿರುವ ರೆಕ್ಕೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ಜಾನ್ ಮೊನೆಟ್ ಅವರು ವಿನ್ಯಾಸಗೊಳಿಸಿದ ಝೀನೋಸ್ ಎಂಬ ಎರಡು ಆಸನಗಳ ಮೋಟಾರ್ ಗ್ಲೈಡರನ್ನು (ಎಂಜಿನ್ ನಿಲ್ಲಿಸಿಯೂ ಗಾಳಿಯಲ್ಲಿ ತೇಲಬಲ್ಲ ಚಿಕ್ಕ ವಿಮಾನ) ನಕ್ಷೆಗಳನ್ನು ನೋಡಿಕೊಂಡು ಕಟ್ಟಲಾರಂಭಿಸಿದ ಮೇಲೆ ಇದು ಮೂರನೆಯ ಚಳಿಗಾಲ. ಸುಮಾರು 14 ಮೀಟರ್ ಉದ್ದಕ್ಕೆ ಚಾಚುವ ರೆಕ್ಕೆಗಳನ್ನು ಎಡ ಬಲ ಬೇರೆಬೇರೆಯಾಗಿ ಮಾಡುವುದರಿಂದ ಕಾರಿಗೆ (ಮತ್ತು ಮನೆಯವರ ಸಹನೆಗೆ) ಇನ್ನೂ ಸ್ವಲ್ಪ ಜಾಗ ಉಳಿದಿದೆ.

ಅಲ್ಯೂಮಿನಿಯಂ ಹಾಳೆಯನ್ನು ಕತ್ತರಿಸುವುದಕ್ಕಿಂತ ಅದರಲ್ಲಿ ರಂಧ್ರ ಕೊರೆಯುವುದೇ ಹೆಚ್ಚು ತಾಳ್ಮೆ ಬೇಡುವ ಕೆಲಸ: ಹಾಳೆಗಳನ್ನು ಜೋಡಿಸುವ ಲೋಹದ ಮೊಳೆಯಾದ ರಿವೆಟ್‌ನ ನಡುಬಿಂದು ಹಾಳೆಯ ಅಂಚಿನಿಂದ ಕನಿಷ್ಠ ಅದರ ವ್ಯಾಸದ ಎರಡರಷ್ಟು, ಅಂದರೆ 3.2 ಮಿ.ಮೀ. ರಿವೆಟ್‌ಗೆ 6.4 ಮಿ.ಮೀ., ದೂರದಲ್ಲಿರಬೇಕು, ಇಲ್ಲವಾದರೆ ಭಾರ ಬಿದ್ದಾಗ ಅಂಚು ಹರಿಯುವ ಅಪಾಯವಿದೆ. ಕಳೆದ ತಿಂಗಳು ಆತುರಪಟ್ಟು ಅಂಚಿನಿಂದ 5 ಮಿ.ಮೀ. ದೂರದಲ್ಲೇ ಕೊರೆದು, ಎರಡು ವಾರಗಳ ಶ್ರಮವನ್ನು ಗುಜರಿಗೆ ಹಾಕಿದೆ. ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್‌ನಿಂದ ರೂಪಿಸಿದ ಎಂಜಿನನ್ನು ಇನ್ನೂ ಕೊಂಡಿಲ್ಲ. ರೆಕ್ಕೆ ಮುಗಿಯುವವರೆಗೆ ಕೊಳ್ಳುವುದೂ ಇಲ್ಲ.