ಡಯಾಗೋನಲ್‌ಗೆ ವೈರ್ ಹಾಕದ ದಿನ

ಬಳ್ಳಾರಿಯ ನಮ್ಮ ಕ್ಯಾತ್ ಲ್ಯಾಬ್‌ನಲ್ಲಿ, ಅಂದರೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಕೋಣೆಯಲ್ಲಿ, ಅವತ್ತಿನ ಕೊನೆಯ ಕೇಸು. ಸಿರುಗುಪ್ಪ ಕಡೆಯ ಭತ್ತದ ರೈತರು. ಹೃದಯದ ಮುಂಭಾಗದ ದೊಡ್ಡ ರಕ್ತನಾಳ ಎಲ್‌ಎಡಿ, ಅದರಿಂದ ಪಕ್ಕಕ್ಕೆ ಒಡೆಯುವ ಕೊಂಬೆ ಡಯಾಗೋನಲ್; ಆ ಕವಲಲ್ಲಿ ಬ್ಲಾಕ್. ಮೆಡೀನಾ 1,1,0, ಅಂದರೆ ಮುಖ್ಯ ನಾಳದಲ್ಲಿ ಕವಲಿನ ಹಿಂದೆ ಮುಂದೆ ಬ್ಲಾಕ್, ಕೊಂಬೆಯ ಬಾಯಲ್ಲಿ ಇಲ್ಲ. ಡಯಾಗೋನಲ್ 2.5 ಮಿ.ಮೀ., ಬಾಯಿ ಸ್ವಚ್ಛವಾಗಿ ಕಾಣುತ್ತಿತ್ತು.

"ಸರ್, ಅದಕ್ಕೂ ಒಂದು ವೈರ್ ಬಿಡೋಣ್ವಾ?" ಅಂತ ಟೆಕ್ನಿಷಿಯನ್ ಹುಡುಗ ಕೇಳಿದ. ಬಲೂನು, ಸ್ಟೆಂಟು ಸಾಗುವುದು ಈ ತೆಳು ತಂತಿಯ ಮೇಲೆಯೇ. ಬೇಡ ಅಂದೆ. ಬಾಯಿ ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ಅನ್ನಿಸಿತು. ಪ್ಯಾಕೇಜ್ ಕೇಸಿನಲ್ಲಿ ಎರಡನೇ ವೈರ್ ತೆಗೆದರೆ ಬಿಲ್ಲಿಂಗ್‌ನವರು ಲೆಕ್ಕ ಕೇಳುತ್ತಾರೆ ಅನ್ನೋದೂ ತಲೆಯಲ್ಲಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಎಲ್‌ಎಡಿಯಲ್ಲಿ 3.0 ಮಿ.ಮೀ. ಸ್ಟೆಂಟ್ ಅರಳಿಸಿ, ಎಕ್ಸ್-ರೇಯಲ್ಲಿ ನಾಳ ಕಾಣಿಸುವ ಡೈ ಬಿಟ್ಟೆ. ಎಲ್‌ಎಡಿ ತುಂಬಿ ಹರಿಯಿತು. ಡಯಾಗೋನಲ್ ಇಲ್ಲ. ಕವಲಿನ ನಡುವಿನ ಅಂಚು, ಅಂದರೆ ಕರೀನಾ, ಸರಿದು ಬಾಯಿ ಮುಚ್ಚಿತ್ತು. ಎಲ್ಲಿತ್ತು ಅನ್ನೋ ಗುರುತೂ ಉಳಿದಿರಲಿಲ್ಲ. ಒಳಗೊಂದು ವೈರ್ ಇದ್ದಿದ್ದರೆ ಅದೇ ದಾರಿ ತೋರಿಸುತ್ತಿತ್ತು.

"ಸಾಹೇಬ್ರ, ಎದಿ ಹಿಂಡಿದಂಗ ಆಗಾಕತ್ತೈತ್ರಿ" ಅಂದರು. ಮಾನಿಟರ್‌ನ ಇಸಿಜಿಯಲ್ಲಿ ಎಸ್‌ಟಿ ಗೆರೆ ಏರುತ್ತಿತ್ತು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅನ್ನೋ ಗುರುತು. ವೈರ್ ತುದಿ ಬಗ್ಗಿಸಿ ತಿರುಗಿಸಿದೆ, ಎಲ್‌ಎಡಿಗೇ ಜಾರಿತು. ಮತ್ತೆ ಬಗ್ಗಿಸಿದೆ, ಮತ್ತೆ ಅಲ್ಲಿಗೇ. ಆರನೇ ಸಲಕ್ಕೆ ಗ್ಲೌಸ್ ಒಳಗೆ ಬೆರಳು ಬೆವೆತು ಜಾರುತ್ತಿದ್ದವು. ಪಾಟ್ ಮಾಡಿದರೆ, ಅಂದರೆ ಕವಲಿಗೆ ಮುಂಚಿನ ಸ್ಟೆಂಟ್ ಭಾಗವನ್ನು ದೊಡ್ಡ ಬಲೂನಿನಿಂದ ಹಿಗ್ಗಿಸಿದರೆ, ಕೊಂಬೆಯ ಬಾಯಿ ಕಡೆ ಸ್ಟ್ರಟ್ (ಸ್ಟೆಂಟಿನ ಜಾಲರಿ ಕಡ್ಡಿ) ತೆರೆದುಕೊಳ್ಳುತ್ತದೆ, ಗೊತ್ತು. ಅದಕ್ಕೆ 3.5×8 ಎನ್‌ಸಿ ಬಲೂನ್ ಕೇಳಿದೆ, ಒತ್ತಡ ಏರಿಸಿದರೂ ಹೆಚ್ಚು ಹಿಗ್ಗದ ಗಟ್ಟಿ ಬಲೂನ್. ಸ್ಟಾಕ್ ಇಲ್ಲ. ಸ್ಟೋರ್‌ಗೆ ಇಂಡೆಂಟ್ ಹಾಕಿ ಮೂರು ವಾರವಾಗಿತ್ತು! ಸಿಕ್ಕ 3.25ನ್ನೇ 20 ಅಟ್ಮಾಸ್ಫಿಯರ್‌ಗೆ ಏರಿಸಿದೆ. ಆಮೇಲೆ ವೈರನ್ನು ಎಲ್‌ಎಡಿ ಕೆಳಗಿನಿಂದ ಮೆಲ್ಲಗೆ ಹಿಂದಕ್ಕೆಳೆದಾಗ ತುದಿ ಟಕ್ಕಂತ ಡಯಾಗೋನಲ್‌ನೊಳಗೆ ಬಿತ್ತು. ಚಿಕ್ಕ ಬಲೂನ್, ಕಿಸ್ಸಿಂಗ್ (ಎರಡೂ ನಾಳದಲ್ಲಿ ಒಟ್ಟಿಗೆ ಬಲೂನ್), ಮತ್ತೊಂದು ಪಾಟ್. ಟಿಮಿ 3, ಅಂದರೆ ಪೂರ್ತಿ ಹರಿವು. ಒಟ್ಟು ಹತ್ತೊಂಬತ್ತು ನಿಮಿಷ ಆ ಮನುಷ್ಯ ನೋವು ತಿಂದರು.

ಕವಲಿಗೆ ಎರಡು ಸ್ಟೆಂಟ್ ಹಾಕುವಾಗ ಡಿಕೆ ಕ್ರಶ್ಶೋ ಕ್ಯುಲಾಟೋ ಅಂತ ನಾವು ಗಂಟೆಗಟ್ಟಲೆ ವಾದ ಮಾಡುತ್ತೇವೆ. ಎಡಗಡೆಯ ಮೂಲ ನಾಳ ಲೆಫ್ಟ್ ಮೇನ್‌ನ ನಿಜವಾದ ಕವಲಿಗೆ (ಕೊಂಬೆಯಲ್ಲೂ ಬ್ಲಾಕ್ ಇರುವಂಥದ್ದು), ಮೊದಲು ಒಂದೇ ಸ್ಟೆಂಟ್ ಹಾಕಿ ಬೇಕಾದರಷ್ಟೇ ಎರಡನೆಯದು ಹಾಕುವ ಪ್ರೊವಿಷನಲ್ ವಿಧಾನಕ್ಕಿಂತ ಡಿಕೆ ಕ್ರಶ್ ಮೇಲು ಅಂತ 2017ರ ಡಿಕೆಕ್ರಶ್-5 ಅಧ್ಯಯನ ತೋರಿಸಿತು, ಒಪ್ಪುತ್ತೇನೆ. ಆದರೆ ನಮ್ಮ ಟೇಬಲ್‌ಗೆ ಬರುವ ಕವಲುಗಳಲ್ಲಿ ಜಾಸ್ತಿ ಒಂದೇ ಸ್ಟೆಂಟಿನವು. ಪ್ರೊವಿಷನಲ್‌ನಲ್ಲಿ ಕೈಬಿಡಬಹುದಾದದ್ದು ಎರಡನೇ ಸ್ಟೆಂಟ್, ಎರಡನೇ ವೈರ್ ಅಲ್ಲ. ನಾನು ಎರಡನ್ನೂ ಕೈಬಿಟ್ಟಿದ್ದೆ.

ಮರುದಿನ ಎಕೋದಲ್ಲಿ ಹೃದಯದ ಪಕ್ಕದ ಗೋಡೆಯ (ಲ್ಯಾಟರಲ್ ವಾಲ್) ಬಡಿತ ಸ್ವಲ್ಪ ಮಂದ ಇತ್ತು. ಅವರ ಮಗನನ್ನು ಕೂರಿಸಿ ಎಲ್ಲ ಹೇಳಿದೆ: ಇನ್ನೊಂದು ವೈರ್ ಹಾಕಬೇಕಿತ್ತು, ನಾನು ಹಾಕಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಆ ವೈರಿಗೆ ಎಷ್ಟು ರೊಕ್ಕ ಆಗತಿತ್ರಿ ಸರ್?"

ರೇಟು ಹೇಳಿದೆ. ಅವನು ತಲೆಯಾಡಿಸಿ ಅಪ್ಪನ ಹತ್ತಿರ ಹೋದ. ಸಂಜೆ ಇಂಡೆಂಟ್ ಪುಸ್ತಕ ತೆಗೆದು 3.5×8 ಎನ್‌ಸಿ ಐದು ಅಂತ ಮತ್ತೆ ಬರೆದು, ನಾನೇ ಸ್ಟೋರ್‌ಗೆ ಕೊಟ್ಟು ಬಂದೆ.