ಉಂಬಳ ಮತ್ತು ಅಕ್ಕ

ಮಳೆ ಹಿಡಿದಿದೆ, ತೋಟಕ್ಕೆ ಹೋದವರ ಕಾಲಿಗೆಲ್ಲ ಉಂಬಳ, ಅಂದರೆ ರಕ್ತ ಹೀರೋ ಜಿಗಣೆ. ಅಕ್ಕಮಹಾದೇವಿ ನೆನಪಾಗೋದು ಇಂಥ ಹೊತ್ತಲ್ಲೇ. 12ನೇ ಶತಮಾನದ ಆಕೆ ನಮ್ಮ ಶಿಕಾರಿಪುರ ಸೀಮೆಯ ಉಡುತಡಿಯವಳು. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ ಅಂತ ಕೇಳಿದಳಲ್ಲ, ಆ ವಚನ. ಬೆಟ್ಟ ಆಯ್ತು, ಸಮುದ್ರ ಆಯ್ತು, ಸಂತೆ ಆಯ್ತು. ಸಂತೆಗೆ ಬಂದಾಗ ಮಾತ್ರ ಕ್ರಿಯಾಪದ ಬದಲಾಗುತ್ತೆ, ಗಮನಿಸಿ: ಮೃಗಕ್ಕೆ, ತೆರೆಗೆ ಅಂಜೋದು, ಶಬ್ದಕ್ಕೆ ನಾಚೋದು. ಜನರ ಬಾಯಿಗೆ ನಾವು ಹೆದರೋದಕ್ಕಿಂತ ಕುಗ್ಗೋದೇ ಹೆಚ್ಚು ಅನ್ನೋದು ಆಕೆಗೆ ಗೊತ್ತಿತ್ತು. ಕೊನೆಗೆ ಸ್ತುತಿ, ನಿಂದೆ ಎರಡನ್ನೂ ಒಂದೇ ಸಾಲಲ್ಲಿ ಕೂರಿಸಿ, ಕೋಪ ಬೇಡ ಅಂತಾಳೆ. ನಿಂದೆಗೆ ಕೋಪ ಸರಿ, ಸ್ತುತಿಗ್ಯಾಕೆ? ಹೊಗಳಿಕೆ ಎರಡು ದಿನ ಬರದೇ ಇದ್ದರೆ ಮುಖ ಊದಿಸಿಕೊಳ್ಳೋರನ್ನ ನೋಡಿದರೆ ಉತ್ತರ ಸಿಗುತ್ತೆ.

ಉಂಬಳಕ್ಕೂ ಹಾಗೇ. ಕಂಡಕೂಡಲೇ ಗಾಬರಿಯಿಂದ ಜಗ್ಗಬೇಡಿ, ಗಾಯ ಹರಿಯುತ್ತೆ. ಸಪೂರ ತುದಿಯಲ್ಲಿರೋ ಬಾಯಿಯ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಅಡ್ಡಕ್ಕೆ ಸರಿಸಿ, ಬಿಡುತ್ತೆ. ಆಮೇಲೆ ದಪ್ಪ ತುದಿ. ಬಿಟ್ಟಮೇಲೂ ರಕ್ತ ಸೋರುತ್ತೆ; ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಗುಣವಿದೆ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತೆ. ನಿಜವಾದ ತೊಂದರೆ ಆಮೇಲಿನ ತುರಿಕೆ. ಕೆರೆದಷ್ಟೂ ಹುಣ್ಣು. ಉಂಬಳ ಹೋಗಿ ವಾರವಾದರೂ ಕೈ ಮಾತ್ರ ಅಲ್ಲೇ ಓಡಾಡ್ತಿರುತ್ತೆ.